ತುಂಬೆಯ ನೀರು, ಗುತ್ತಿಗೆಯ ನಳ್ಳಿ

ಏಪ್ರಿಲ್ ಬಂತೆಂದರೆ ಮಂಗಳೂರಿನವರು ಕೇಳುವುದು ಒಂದೇ: ತುಂಬೆಯಲ್ಲಿ ಇವತ್ತು ಎಷ್ಟು ಮೀಟರ್? ನಗರಕ್ಕೆ ನೀರು ಕೊಡಲು ಅಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಲ್ಲಿ ಆರು ಮೀಟರ್ ನಿಂತಿದ್ದರೆ ಊರು ನಿಶ್ಚಿಂತೆ. ಮಟ್ಟ ಇಳಿಯುತ್ತ ಹೋದ ಹಾಗೆ ದಿನ ಬಿಟ್ಟು ದಿನ ನೀರು ಬಿಡುವ ಮಾತು ಶುರುವಾಗುತ್ತದೆ. 2019ರ ಮೇ ತಿಂಗಳಲ್ಲಿ ಹೀಗೇ ಆಯಿತು. ಆ ಬೇಸಿಗೆ ಉಡುಪಿಯ ಬಜೆಯಲ್ಲೂ ಸ್ವರ್ಣಾ ನದಿ ಬತ್ತಿ ಟ್ಯಾಂಕರ್ ಓಡಿತು. ‘ನೀರನ್ನು ಖಾಸಗಿಯವರಿಗೆ ಕೊಡುತ್ತಿದ್ದಾರೆ’ ಎಂಬ ಜಗಳ ಎದ್ದಾಗ ಮಾತ್ರ ಈ ಮೀಟರಿನ ಲೆಕ್ಕ ಯಾಕೋ ಯಾರಿಗೂ ನೆನಪಾಗುವುದಿಲ್ಲ.

ಜಗಳಕ್ಕೆ ಮೂವತ್ತು ವರ್ಷ ದಾಟಿದೆ. ನೀರಿಗೂ ಆರ್ಥಿಕ ಬೆಲೆ ಇದೆ ಎಂದು 1992ರ ಡಬ್ಲಿನ್ ಸಮ್ಮೇಳನ ಸಾರಿತು. ಖಾಸಗಿ ಪಾಲುದಾರಿಕೆಗೆ ಉತ್ತೇಜನ ಕೊಡಬೇಕು ಎಂದು 2002ರ ರಾಷ್ಟ್ರೀಯ ಜಲನೀತಿ ಬರೆದುಕೊಂಡಿತು. ಅದಕ್ಕೂ ಮುಂಚೆ, 2000ರಲ್ಲಿ, ಬೊಲಿವಿಯಾದ ಕೊಚಬಾಂಬಾದ ಜನ ದರ ಏರಿಕೆಯ ವಿರುದ್ಧ ಬೀದಿಗಿಳಿದು ಕಂಪೆನಿಯನ್ನೇ ಹೊರಗೆ ಕಳಿಸಿದ್ದರು. ಇಲ್ಲಿನ ವಿರೋಧಿಗಳು ಇಂದಿಗೂ ಆ ಊರಿನ ಹೆಸರು ಹೇಳುತ್ತಾರೆ. ಆದರೆ ಅಲ್ಲಿ ಕೊಟ್ಟದ್ದು ಇಡೀ ಸೇವೆಯನ್ನು ದೀರ್ಘಾವಧಿಗೆ ವಹಿಸುವ ಒಪ್ಪಂದ. ಕರ್ನಾಟಕ ಹಿಡಿದ ದಾರಿ ಬೇರೆ.

ವಿಶ್ವಬ್ಯಾಂಕ್ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳನ್ನು ಆರಿಸಿ, ಫ್ರಾನ್ಸಿನ ವಿಯೋಲಿಯಾ ಕಂಪೆನಿಗೆ ನಿರ್ವಹಣೆ ವಹಿಸಿ, 2008ರ ಹೊತ್ತಿಗೆ ದಿನವಿಡೀ ನೀರು ಹರಿಸಿದರು. ದರ ನಿಗದಿ ಸರ್ಕಾರದ ಕೈಯಲ್ಲೇ ಉಳಿಯಿತು. ಕಂಪೆನಿಗೆ ಸಿಕ್ಕಿದ್ದು ಶುಲ್ಕ. ವಾರ್ಡುಗಳಲ್ಲಿ ಅದು ನಡೆಯಿತು. ಇಡೀ ಊರಿಗೆ ಹಬ್ಬಿಸುವಾಗ ವರ್ಷಗಳೇ ಉರುಳಿದವು. ಮೈಸೂರಿನಲ್ಲಿ 2008ರಲ್ಲೇ ಜಮ್ಶೆಡ್‌ಪುರ ಮೂಲದ ಜಸ್ಕೊ ಕಂಪೆನಿಗೆ ಇಡೀ ನಗರವನ್ನು ಒಪ್ಪಿಸಿದರು. ಹೇಳಿದ ಅವಧಿಗೆ ಕೆಲಸ ಮುಗಿಯಲಿಲ್ಲ. ನೆಲದಡಿ ಯಾವ ಪೈಪು ಎಲ್ಲಿದೆ ಎಂಬ ನಕ್ಷೆಯೇ ಸರಿಯಿಲ್ಲದ ಊರಿನಲ್ಲಿ ಗಡುವು ಬರೆದುಕೊಡುವುದು ಎರಡೂ ಕಡೆಯವರ ಎದೆಗಾರಿಕೆಯೇ ಸರಿ.

ಕರಾವಳಿಗೆ ಸಾಲ ಬಂದದ್ದು ಏಷ್ಯನ್ ಅಭಿವೃದ್ಧಿ ಬ್ಯಾಂಕಿನಿಂದ. 1999ರಲ್ಲಿ ಮಂಜೂರಾದ ಮೊದಲ ಯೋಜನೆ ಕರಾವಳಿಯ ಹತ್ತು ಪಟ್ಟಣಗಳದ್ದು. ಅದರಲ್ಲಿ ತುಂಬೆಗೆ ಇನ್ನೊಂದು ಶುದ್ಧೀಕರಣ ಘಟಕ ಬಂತು. ಆಮೇಲಿನದು ದಿನವಿಡೀ ನೀರು ಕೊಡುವ ‘ಜಲಸಿರಿ’ ಯೋಜನೆ. ಮಂಗಳೂರಿನಲ್ಲಿ ಅದರ ಮೊತ್ತ 792.42 ಕೋಟಿ ರೂಪಾಯಿ. ಇದರಲ್ಲಿ 587.67 ಕೋಟಿ ಕಾಮಗಾರಿಗೆ, 204.75 ಕೋಟಿ ಎಂಟು ವರ್ಷದ ನಿರ್ವಹಣೆಗೆ. ಫ್ರಾನ್ಸಿನ ನೀರಿನ ಕಂಪೆನಿ ಸುಯೆಜ್ ಇರುವ ಜಂಟಿ ಗುತ್ತಿಗೆ. ನಿರ್ವಹಣೆಯ ಅಂಕಿಯನ್ನು ಗಮನಿಸಿ: ವರ್ಷಕ್ಕೆ ಸುಮಾರು 25.6 ಕೋಟಿ. ಹಳೆಯ ಕಾಮಗಾರಿಗಳಲ್ಲಿ ಪೈಪು ಹೂತು ಬಿಲ್ಲು ಪಡೆದ ಗುತ್ತಿಗೆದಾರ ಮಾರನೇ ದಿನ ಕಾಣುತ್ತಿರಲಿಲ್ಲ. ಹೂತವನೇ ಎಂಟು ವರ್ಷ ಸೋರಿಕೆಯನ್ನೂ ನೋಡಿಕೊಳ್ಳಬೇಕೆಂದರೆ ಜೋಡಣೆ ಸರಿ ಮಾಡುತ್ತಾನೆ ಎಂಬುದು ತರ್ಕ. ತರ್ಕವೇನೋ ಸರಿ, ಸೋರಿಕೆಯನ್ನು ಅಳೆಯುವವರು ಬೇರೆಯವರಾಗಿದ್ದರೆ.

ಅಳೆಯುವ ಕ್ರಮ ಹೀಗೆ. ಊರನ್ನು ವಲಯಗಳಾಗಿ ಕತ್ತರಿಸಿ, ಪ್ರತಿ ವಲಯಕ್ಕೆ ನೀರು ಒಳಬರುವ ಬಾಯಿಯಲ್ಲಿ ದೊಡ್ಡ ಮೀಟರ್ ಕೂರಿಸುತ್ತಾರೆ. ರಾತ್ರಿ ಎರಡರಿಂದ ನಾಲ್ಕರವರೆಗೆ ಮನೆಗಳ ಬಳಕೆ ತೀರಾ ಕಡಿಮೆ. ಸಾವಿರ ಮನೆಯ ವಲಯಕ್ಕೆ ಆಗಲೂ ಗಂಟೆಗೆ 15,000 ಲೀಟರ್ ಹೋಗುತ್ತಿದ್ದರೆ, ನಿಜವಾದ ಬಳಕೆಗೆಂದು ಮೂರು ಸಾವಿರ ಕಳೆಯಿರಿ; ಉಳಿದ 12,000 ಮಣ್ಣಿಗೆ. ದಿನಕ್ಕೆ ಸುಮಾರು ಮೂರು ಲಕ್ಷ ಲೀಟರ್. ಆದರೆ ನಮ್ಮಲ್ಲಿ ಮನೆಮನೆಗೆ ಸಂಪು. ಹಗಲು ಒತ್ತಡ ಸಾಲದೆ ತುಂಬದ ಸಂಪು ರಾತ್ರಿ ತುಂಬುತ್ತದೆ, ಅದೂ ಸೋರಿಕೆಯ ಹಾಗೇ ಕಾಣುತ್ತದೆ. ಸಂಪು ತುಂಬಿದಾಗ ನೀರು ತಡೆಯುವ ಫ್ಲೋಟ್ ವಾಲ್ವ್ ಮುಚ್ಚುವ ಹಂತದಲ್ಲಿ ನೀರು ತೊಟ್ಟಿಕ್ಕುತ್ತದೆ. ಗಂಟೆಗೆ ಕೆಲವೇ ಲೀಟರಿನ ಆ ಹರಿವಿಗೆ ಮನೆಯ ಮೀಟರಿನ ಮುಳ್ಳು ಅಲುಗುವುದೂ ಇಲ್ಲ. ಸರದಿಯ ನೀರಿನಲ್ಲಿ ಇದಕ್ಕೆ ತಿರುವು ಮುರುವು: ವಾಲ್ವ್ ತೆರೆದ ಕೂಡಲೇ ಪೈಪಿನಲ್ಲಿದ್ದ ಗಾಳಿ ಮೊದಲು ನುಗ್ಗಿ ಮೀಟರನ್ನು ಗಿರಗಿರ ತಿರುಗಿಸುತ್ತದೆ. ಬಿಲ್ಲಿನಲ್ಲಿ ಗಾಳಿಯೂ ಲೀಟರ್ ಲೆಕ್ಕಕ್ಕೆ ಸೇರುತ್ತದೆ.

ಸೋರಿಕೆ ಹೆಚ್ಚಾಗಿ ಇರುವುದು ಮುಖ್ಯ ಕೊಳವೆಯಲ್ಲಲ್ಲ, ಅದಕ್ಕೆ ಮನೆಯ ಪೈಪನ್ನು ಜೋಡಿಸುವ ಫೆರೂಲಿನಿಂದ ಮನೆಯ ಮೀಟರಿನವರೆಗಿನ ಸಣ್ಣ ಪೈಪಿನಲ್ಲಿ. ಹಾಗಾಗಿ ಮುಖ್ಯ ಕೊಳವೆ ಹೊಸದು ಹಾಕಿ ಮನೆಯ ಹಳೆಯ ಜೋಡಣೆಯನ್ನು ಹಾಗೇ ಬಿಟ್ಟರೆ ಒತ್ತಡ ಏರಿದ ದಿನವೇ ಸೋರಿಕೆಯೂ ಏರುತ್ತದೆ. ಗುಡ್ಡ ತಗ್ಗಿನ ಮಂಗಳೂರಿನಲ್ಲಿ ಇದು ಇನ್ನೂ ಜೋರು. ಎತ್ತರದ ಮನೆಗೆ ನೀರು ಮುಟ್ಟಿಸಲು ಕೊಟ್ಟ ಒತ್ತಡ ಇಳಿಜಾರಿನ ಜೋಡಣೆಯನ್ನು ಬಿಚ್ಚುತ್ತದೆ. ವಲಯಕ್ಕೊಂದು ಒತ್ತಡ ತಗ್ಗಿಸುವ ವಾಲ್ವ್ ಬೇಕೇ ಬೇಕು.

ಈಗ ನಗರದ ಲೆಕ್ಕ. ತುಂಬೆಯಿಂದ ದಿನಕ್ಕೆ ಎತ್ತುವುದು ಸುಮಾರು 160 ಎಂಎಲ್‌ಡಿ, ಅಂದರೆ 16 ಕೋಟಿ ಲೀಟರ್. ತಲಾ 135 ಲೀಟರಿನ ಮಾನದಂಡದಂತೆ 5 ಲಕ್ಷ ಜನಕ್ಕೆ ಬೇಕಾದದ್ದು 6.75 ಕೋಟಿ. ಹೋಟೆಲು, ಆಸ್ಪತ್ರೆ, ಕೈಗಾರಿಕೆ, ಸುತ್ತಲಿನ ಊರುಗಳ ಪಾಲು ಎಲ್ಲ ಕಳೆದರೂ ದೊಡ್ಡ ಅಂತರ ಉಳಿಯುತ್ತದೆ. ಖಾಸಗಿಯೋ ಪಾಲಿಕೆಯೋ ಎಂಬ ಪ್ರಶ್ನೆಗಿಂತ ಮೊದಲು ಈ ಅಂತರಕ್ಕೆ ಉತ್ತರ ಬೇಕು.

ದರದ ವಿಚಾರದಲ್ಲಿ ವಿರೋಧಿಗಳ ಆತಂಕಕ್ಕೆ ಹುರುಳಿದೆ. ಹಂತ ಏರಿದಂತೆ ಲೀಟರಿನ ಬೆಲೆ ಏರುವ ಪದ್ಧತಿಯಲ್ಲಿ ಒಂದೇ ಮೀಟರಿನಿಂದ ನೀರು ಹಿಡಿಯುವ ಮೂರು ಬಾಡಿಗೆ ಮನೆಯವರು ಬಂಗಲೆಯವರ ಹಂತಕ್ಕೆ ಏರಿಬಿಡುತ್ತಾರೆ. ಇದಕ್ಕೆ ಕಂಪೆನಿ ಕಾರಣವಲ್ಲ, ಪಾಲಿಕೆಯ ದರಪಟ್ಟಿ ಕಾರಣ. ಆದರೆ ಬಿಲ್ಲು ಹಿಡಿದು ಬರುವವನ ಮುಖವೇ ಜನಕ್ಕೆ ಕಾಣುವುದು.

ಕರಾವಳಿಗೆ ಇನ್ನೊಂದು ತೊಡಕಿದೆ, ಬೇರೆ ಊರಿನ ಮಾದರಿಗೆ ಹೊಂದದ್ದು: ಬಾವಿ. ಜೂನ್‌ನಿಂದ ಜನವರಿವರೆಗೆ ಬಾವಿಯಿರುವ ಮನೆಯವರು ನಳ್ಳಿಯ ಮುಖ ನೋಡುವುದು ಕಡಿಮೆ. ಮಾರ್ಚ್‌ನಲ್ಲಿ ಮುರಕಲ್ಲಿನ ಬಾವಿಗಳ ನೀರು ಇಳಿದಾಗ ಎಲ್ಲರೂ ಒಟ್ಟಿಗೆ ನಳ್ಳಿಗೆ ಬರುತ್ತಾರೆ, ನದಿ ಸೊರಗಿದ ತಿಂಗಳಲ್ಲೇ. ಆ ಹೊತ್ತಿಗೆ ತುಂಬೆಗೆ ನೀರು ಬರಬೇಕಾದದ್ದು ಮೇಲ್ಗಡೆಯಿಂದ: ಶಂಭೂರಿನಲ್ಲಿ ಖಾಸಗಿ ವಿದ್ಯುತ್ ಕಂಪೆನಿಯ ಎಎಂಆರ್ ಅಣೆಕಟ್ಟು, ಸರಪಾಡಿಯಲ್ಲಿ ತೈಲ ಶುದ್ಧೀಕರಣ ಕಂಪೆನಿ ಎಂಆರ್‌ಪಿಎಲ್‌ನ ನೀರೆತ್ತುವ ಜಾಗ. 2016ರ ಬೇಸಿಗೆಯಲ್ಲಿ ನೀರಿಲ್ಲದೆ ಎಂಆರ್‌ಪಿಎಲ್ ತನ್ನ ಕೆಲವು ಘಟಕಗಳನ್ನೇ ನಿಲ್ಲಿಸಬೇಕಾಯಿತು. ಮನೆಬಾಗಿಲಿನ ಪೈಪಿಗೆ ಯಾರು ಹೊಣೆ ಎಂದು ಗುತ್ತಿಗೆಯಲ್ಲಿ ಬರೆಯಬಹುದು. ಶಂಭೂರಿನ ಗೇಟು ಎಷ್ಟು ಹೊತ್ತಿಗೆ ಏಳಬೇಕು ಎಂಬುದನ್ನು ಪ್ರತಿ ಏಪ್ರಿಲ್‌ನಲ್ಲೂ ಹೊಸದಾಗಿ ಜಿಲ್ಲಾಡಳಿತವೇ ಹೇಳಬೇಕು.