ಗಂಡ ಜೊತೆಗಿರುತ್ತಾರೆ, ನರ್ಸ್ ಇರುತ್ತಾರೆ. ಮತ್ತೆ ಡೌಲಾ ಯಾಕೆ?

ಪ್ರಶ್ನೆ: ನನಗೀಗ ಆರು ತಿಂಗಳು. ಇದು ಚೊಚ್ಚಲು. ಹೆರಿಗೆಯುದ್ದಕ್ಕೂ ಪಕ್ಕದಲ್ಲಿದ್ದು ಧೈರ್ಯ ಹೇಳಲು ಡೌಲಾ ಅಂತ ಒಬ್ಬರನ್ನು ಇಟ್ಟುಕೋ ಎಂದು ಗೆಳತಿ ಹೇಳುತ್ತಿದ್ದಾಳೆ. ಡಾಕ್ಟರ್, ನರ್ಸ್ ಹೇಗೂ ಇರುತ್ತಾರೆ. ನನ್ನ ಗಂಡನೂ ಜೊತೆಗೆ ಒಳಗೆ ಬರುತ್ತೇನೆ ಅಂದಿದ್ದಾರೆ. ಇಷ್ಟು ಜನ ಇದ್ದಮೇಲೆ ದುಡ್ಡು ಕೊಟ್ಟು ಇನ್ನೊಬ್ಬರನ್ನು ಕರೆಸುವುದು ಯಾಕೆ?

ಉತ್ತರ: ಮೊದಲ ಹೆರಿಗೆಗೆ ಮುಂಚೆ ನಾನೂ ಇದನ್ನೇ ಕೇಳಿದ್ದೆ. ಕೇಳಿ, ಡೌಲಾ ಬೇಡ ಅಂದುಬಿಟ್ಟಿದ್ದೆ. ನೋವು ಶುರುವಾಗಿ ಮಗು ಕೈಗೆ ಬರುವಷ್ಟರಲ್ಲಿ ಹದಿನೇಳು ಗಂಟೆ ಹಿಡಿಯಿತು. ಅಷ್ಟರಲ್ಲಿ ಮೂರು ಪಾಳಿಯ ನರ್ಸ್‌ಗಳು ಬದಲಾದರು. ಯಾರೂ ಕೆಟ್ಟವರಲ್ಲ. ಆದರೆ ಒಬ್ಬೊಬ್ಬರಿಗೂ ನನ್ನಂಥವರು ನಾಲ್ಕೈದು ಜನ ಇದ್ದರು. ಡಾಕ್ಟರ್ ಆಗಾಗ ಬಂದು ನೋಡಿ ಹೋಗುತ್ತಿದ್ದರು. ನನ್ನ ಗಂಡ ಪಕ್ಕದಲ್ಲೇ ಇದ್ದರು, ಆದರೆ ನನಗಿಂತ ಜಾಸ್ತಿ ಹೆದರಿದ್ದರು. ಎರಡನೇ ಹೆರಿಗೆಯಲ್ಲಿ ಡೌಲಾ ಇದ್ದರು. ಎರಡನ್ನೂ ಕಂಡಿರುವುದರಿಂದ ನೇರವಾಗಿ ಹೇಳುತ್ತೇನೆ: ಆ ಕೋಣೆಯಲ್ಲಿ ನಿಮ್ಮ ಪಕ್ಕ ಬಿಟ್ಟು ಕದಲದ, ಹತ್ತಾರು ಹೆರಿಗೆ ಕಂಡು ಪಳಗಿದ ಒಬ್ಬರು ಇರಬೇಕು. ಡೌಲಾ ಇರುವುದು ಅದಕ್ಕೇ.

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. ಡೌಲಾ ಎಂದರೆ ಸೂಲಗಿತ್ತಿ ಅಲ್ಲ. ಸೂಲಗಿತ್ತಿ ಹೆರಿಗೆ ಮಾಡಿಸುತ್ತಾಳೆ, ಡೌಲಾ ಮಾಡಿಸುವುದಿಲ್ಲ. ಒಳಗೆ ಕೈ ಹಾಕಿ ಪರೀಕ್ಷೆ ಮಾಡುವುದಿಲ್ಲ, ಮಗುವಿನ ಎದೆಬಡಿತ ನೋಡುವುದಿಲ್ಲ, ಮದ್ದು ಮಾತ್ರೆ ಕೊಡುವುದಿಲ್ಲ. ಅದೆಲ್ಲ ಡಾಕ್ಟರ್, ನರ್ಸ್ ಕೆಲಸ. ಡೌಲಾ ನೋಡಿಕೊಳ್ಳುವುದು ತಾಯಿಯನ್ನು. 'ಸೇವೆ ಮಾಡುವ ಹೆಂಗಸು' ಎಂಬ ಅರ್ಥದ ಗ್ರೀಕ್ ಪದ ಇದು.

ಹಾಗಾದರೆ ಜೊತೆಗೆ ಕೂತಿದ್ದರೆ ಏನು ಬದಲಾಗುತ್ತದೆ? ಮಾರ್ಷಲ್ ಕ್ಲಾಸ್ ಮತ್ತು ಜಾನ್ ಕೆನೆಲ್ ಎಂಬ ಇಬ್ಬರು ಮಕ್ಕಳ ಡಾಕ್ಟರ್‌ಗಳು ತಮ್ಮ ತಂಡದ ಜೊತೆ ಗ್ವಾಟೆಮಾಲಾದ ಒಂದು ಆಸ್ಪತ್ರೆಯಲ್ಲಿ ಇದನ್ನೇ ನೋಡಿದರು. ಅಲ್ಲಿ ಹೆಂಗಸರು ಒಂಟಿಯಾಗಿ ನೋವು ತಿನ್ನುತ್ತಿದ್ದರು. ಕೆಲವರ ಪಕ್ಕದಲ್ಲಿ ಒಬ್ಬ ಹೆಂಗಸನ್ನು ಕೂರಿಸಿದರು. ಆಕೆ ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಮುಂಚೆ ಪರಿಚಯವೂ ಇಲ್ಲ. ಕೈ ಹಿಡಿದು, ಬೆನ್ನು ನೀವಿ, ಮಾತಾಡುತ್ತಾ ಇದ್ದಳು ಅಷ್ಟೇ. ಅಂಥ ಜೊತೆ ಸಿಕ್ಕವರಿಗೆ ಬೇಗ ಹೆರಿಗೆಯಾಯಿತು, ತೊಂದರೆಗಳೂ ಕಡಿಮೆಯಾದವು. 1980ರಲ್ಲಿ ಅದು ಪ್ರಕಟವಾಯಿತು. ಆಮೇಲೆ ಬೇರೆ ಬೇರೆ ಕಡೆ ಇಂಥ ಅಧ್ಯಯನಗಳು ನಡೆದವು. 2017ರಲ್ಲಿ ಅಂಥ 26 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಲೆಕ್ಕ ಅದು. ಹೆರಿಗೆಯುದ್ದಕ್ಕೂ ಒಬ್ಬರ ಬೆಂಬಲ ಸಿಕ್ಕವರಲ್ಲಿ ಸಿಸೇರಿಯನ್ ಸುಮಾರು ಕಾಲು ಭಾಗ ಕಡಿಮೆ. ಹೆರಿಗೆಯ ನೆನಪು ಕಹಿಯಾಗಿ ಉಳಿದವರೂ ಕಡಿಮೆ. ಹೆರಿಗೆಯ ಹೊತ್ತಿನಲ್ಲಿ ಪ್ರತಿ ತಾಯಿಗೂ ಅವಳೇ ಆರಿಸಿದ ಒಬ್ಬರು ಜೊತೆಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರ ಮಾರ್ಗಸೂಚಿಯಲ್ಲಿ ಹೇಳಿದೆ.

ಇದರ ಅರ್ಥ ಡೌಲಾ ಬಂದರೆ ಸಿಸೇರಿಯನ್ ಆಗುವುದೇ ಇಲ್ಲ ಅಂತಲ್ಲ. "ನಾನಿದ್ದರೆ ನಾರ್ಮಲ್ ಗ್ಯಾರಂಟಿ" ಅನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಸಿಸೇರಿಯನ್ ಆದರೂ ಒಳ್ಳೆಯ ಡೌಲಾ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹೊಲಿಗೆ ನೋವಿನಲ್ಲೇ ಮಗುವನ್ನು ಯಾವ ಮಗ್ಗುಲಲ್ಲಿ ಮಲಗಿಸಿಕೊಂಡು ಹಾಲು ಕೊಡಬೇಕು ಎಂದು ಪಕ್ಕದಲ್ಲಿ ನಿಂತು ತೋರಿಸಿಕೊಡುತ್ತಾರೆ.

ಗಂಡ ಇದ್ದಾರಲ್ಲ ಅನ್ನುವ ಮಾತಿಗೆ ಬರೋಣ. ಖಂಡಿತ ಇರಲಿ. ಆದರೆ ಒಂದು ಲೆಕ್ಕ ಹಾಕಿ. ನೋವು ಐದು ನಿಮಿಷಕ್ಕೊಮ್ಮೆ ಬರುತ್ತಿದೆ ಅಂದುಕೊಳ್ಳಿ. ಗಂಟೆಗೆ 12 ಸಲ. ಹತ್ತು ಗಂಟೆಗೆ 120. ನನಗೆ ಎರಡನೇ ಸಲ ನೋವೆಲ್ಲ ಬೆನ್ನಿಗೇ ಬಂದಿತ್ತು. ಸೊಂಟದ ಹಿಂದೆ, ಕೆಳಗೆ ಒಂದು ಚಪ್ಪಟೆ ಮೂಳೆ ಇರುತ್ತದೆ. ನೋವು ಏಳುವ ಹೊತ್ತಿಗೆ ಸರಿಯಾಗಿ ನನ್ನ ಡೌಲಾ ಅಂಗೈಯ ಬುಡವನ್ನು ಅಲ್ಲಿಟ್ಟು ಮೈಭಾರ ಬಿಟ್ಟು ಒತ್ತುತ್ತಿದ್ದರು. ನೋವು ಇಳಿಯುವವರೆಗೆ ಕೈ ತೆಗೆಯುತ್ತಿರಲಿಲ್ಲ. ಇನ್ನು ಕೆಲವು ಸಲ ಸೊಂಟದ ಎರಡೂ ಪಕ್ಕಕ್ಕೆ ಕೈಯಿಟ್ಟು ಒಳಮುಖವಾಗಿ ಅದುಮುತ್ತಿದ್ದರು. ಆ ಒಂದು ನಿಮಿಷದಲ್ಲಿ ಆಗುತ್ತಿದ್ದ ಹಾಯನ್ನು ಹೇಗೆ ಹೇಳಲಿ! ನೂರು ಸಲ ಇದನ್ನು ಒಬ್ಬರೇ ಮಾಡಲಾಗುವುದಿಲ್ಲ. ಅವರು ನನ್ನ ಗಂಡನ ಕೈ ಹಿಡಿದು ಜಾಗ ತೋರಿಸಿದರು, ಎಷ್ಟು ಒತ್ತಬೇಕೆಂದು ಕಲಿಸಿದರು. ಆಮೇಲೆ ಇಬ್ಬರೂ ಸರದಿಯಲ್ಲಿ ಮಾಡಿದರು. ಮೊದಲ ಸಲ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ ಮನುಷ್ಯ ಈ ಸಲ ನನ್ನ ಜೊತೆ ಹೆರಿಗೆಯಲ್ಲಿ ನಿಜವಾಗಿ ಇದ್ದರು. ಡೌಲಾ ಬಂದರೆ ಗಂಡನ ಜಾಗ ಹೋಗುತ್ತದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ನೋವಿನ ಮಧ್ಯೆ ಡಾಕ್ಟರ್ ಏನೋ ಮಾಡಬೇಕು ಅಂದಾಗ ತಲೆ ಓಡುವುದಿಲ್ಲ. ಡೌಲಾ ನಿಮ್ಮ ಪರವಾಗಿ ಜಗಳ ಆಡುವುದಿಲ್ಲ, ನಿಮ್ಮ ಬದಲು ತೀರ್ಮಾನವನ್ನೂ ಮಾಡುವುದಿಲ್ಲ, ಮಾಡಲೂಬಾರದು. "ಇದು ತುರ್ತೋ, ಐದು ನಿಮಿಷ ಯೋಚಿಸಲು ಸಮಯ ಇದೆಯೋ ಅಂತ ಕೇಳಿ ನೋಡಿ" ಎಂದು ಮೆಲ್ಲಗೆ ನೆನಪಿಸುತ್ತಾರೆ. ಆ ಒಂದು ಪ್ರಶ್ನೆ ಸಾಕಾಗುತ್ತದೆ ಎಷ್ಟೋ ಸಲ. ನೋವು ತಡೆಯಲಾಗದೆ ಎಪಿಡ್ಯೂರಲ್ (ನೋವು ಗೊತ್ತಾಗದಂತೆ ಬೆನ್ನಿಗೆ ಕೊಡುವ ಮದ್ದು) ಬೇಕು ಅಂದರೆ ಅದಕ್ಕೂ ಅವರು ಜೊತೆಗಿರಬೇಕು. ಅದನ್ನು ತೆಗೆದುಕೊಂಡಿದ್ದಕ್ಕೆ ಮುಖ ಸಣ್ಣ ಮಾಡುವವರು ನಿಮಗೆ ಬೇಡ.

ಬಾಣಂತನಕ್ಕೇ ಅಂತ ಬೇರೆ ಡೌಲಾಗಳೂ ಇರುತ್ತಾರೆ. ಹುಟ್ಟಿದ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ, ರಾತ್ರಿ ಹಗಲು ಅಂತಿಲ್ಲ. ಮಗು ಬರೀ ತೊಟ್ಟು ಕಚ್ಚದೆ ಬಾಯಿ ತುಂಬ ಹಿಡಿಯುವಂತೆ ಮಾಡುವುದು, ನೀವು ಎರಡು ಗಂಟೆ ಮಲಗುವವರೆಗೆ ಮಗುವನ್ನು ಎತ್ತಿಕೊಂಡಿರುವುದು, ಸುಮ್ನೆ ಅಳು ಬಂದರೆ ಪಕ್ಕದಲ್ಲಿ ಕೂರುವುದು ಇವರ ಕೆಲಸ. ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ಮನಸ್ಸು ಕುಗ್ಗಿಯೇ ಇದ್ದರೆ ಡಾಕ್ಟರ್‌ಗೆ ಹೇಳಲೇಬೇಕು. ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಜ್ವರ ಬಂದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಡೌಲಾಗೆ ಫೋನ್ ಮಾಡಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಇಷ್ಟಾದರೂ ಎಲ್ಲರಿಗೂ ಡೌಲಾ ಬೇಕೇ ಬೇಕು ಅನ್ನಲಾರೆ. ನಿಮ್ಮ ಅಕ್ಕನೋ ಗೆಳತಿಯೋ ಗಾಬರಿ ಬೀಳದೆ ಕೊನೆಯವರೆಗೂ ಜೊತೆಗಿರಬಲ್ಲರು ಅನ್ನಿಸಿದರೆ ಅವರೇ ಇರಲಿ. ಅಂಥವರು ಇಲ್ಲದಿದ್ದರೆ ಡೌಲಾಗೆ ಕೊಡುವ ದುಡ್ಡು ದಂಡ ಅಲ್ಲ.

ಆರಿಸುವಾಗ ಒಬ್ಬರನ್ನೇ ನೋಡಿ ಒಪ್ಪಬೇಡಿ, ಇಬ್ಬರು ಮೂವರನ್ನು ಮಾತಾಡಿಸಿ. ಎಷ್ಟೋ ಕಡೆ ಯಾವ ತರಬೇತಿಯೂ ಇಲ್ಲದೆ ಯಾರು ಬೇಕಾದರೂ ಡೌಲಾ ಅನ್ನಿಸಿಕೊಳ್ಳಬಹುದು. ಹಾಗಾಗಿ ಎಲ್ಲಿ ಕಲಿತಿರಿ, ಎಷ್ಟು ಹೆರಿಗೆಗೆ ಹೋಗಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಕೊನೆಯ ವಾರಗಳಲ್ಲಿ ನಡುರಾತ್ರಿ ಕರೆದರೂ ಬರುತ್ತಾರಾ, ಅದೇ ಹೊತ್ತಿಗೆ ಅವರಿಗೆ ಇನ್ನೊಂದು ಹೆರಿಗೆ ಇದ್ದರೆ ಬದಲಿಗೆ ಯಾರು ಬರುತ್ತಾರೆ ಎಂದು ಕೇಳಿ. ಸಾಧ್ಯವಾದರೆ ಬದಲಿಯವರನ್ನೂ ಒಮ್ಮೆ ನೋಡಿ. ಹೆರಿಗೆಗೆ ಮುಂಚೆ ಎಷ್ಟು ಸಲ ಬರುತ್ತಾರೆ, ಆಮೇಲೆ ಎಷ್ಟು ಸಲ, ಏಕಾಏಕಿ ಸಿಸೇರಿಯನ್ ಆದರೆ ದುಡ್ಡಿನ ಲೆಕ್ಕ ಹೇಗೆ, ಎಲ್ಲವೂ ಬರವಣಿಗೆಯಲ್ಲಿರಲಿ. ಕಾಗದ ಎಲ್ಲ ಸರಿಯಿದ್ದು, ಅವರ ಮುಂದೆ ನರಳಲು, ಅಳಲು ನಾಚಿಕೆ ಆಗುತ್ತದೆ ಅನ್ನಿಸಿದರೆ ಬೇರೆಯವರನ್ನು ನೋಡಿ.

ನಿಮಗಿನ್ನೂ ಆರು ತಿಂಗಳು, ಸಮಯ ಚೆನ್ನಾಗಿದೆ. ಮುಂದಿನ ಸಲ ತಪಾಸಣೆಗೆ ಹೋದಾಗ ಮೊದಲು ಒಂದನ್ನು ಕೇಳಿಕೊಂಡು ಬನ್ನಿ: ಹೆರಿಗೆ ಕೋಣೆಗೆ ಇಬ್ಬರನ್ನು ಬಿಡುತ್ತಾರಾ, ಒಬ್ಬರನ್ನೇನಾ? ಒಬ್ಬರೇ ಅಂದರೆ ಗಂಡ ಮತ್ತು ಡೌಲಾ ಸರದಿಯಲ್ಲಿ ಬರಬಹುದಾ ಎಂದು ಅಲ್ಲೇ ಕೇಳಿ, ಒಪ್ಪಿದರೆ ನಿಮ್ಮ ಫೈಲಿನಲ್ಲಿ ಬರೆಸಿಬಿಡಿ.