ಕಂಪನಿ ದುಡ್ಡು, ಊರ ಕೆರೆ

ಬೆಂಗಳೂರಿನ ಸುತ್ತ ಹಲವು ಕೆರೆಗಳ ಏರಿ ಮೇಲೆ ಈಗ ಕಂಪನಿಗಳ ಫಲಕ ಕಾಣುತ್ತದೆ. ಕೆರೆ ಸರ್ಕಾರದ್ದು, ದುಡ್ಡು ಕಂಪನಿಯದ್ದು, ದಿನವೂ ನೋಡುವವರು ಅಕ್ಕಪಕ್ಕದ ಜನ. ಹಾಗಾದರೆ ಕೆರೆ ಕಾಯುವ ಹೊಣೆ ಯಾರದ್ದು?

ಹಿಂದೆ ಆ ಹೊಣೆಗೆ ಒಂದು ಹೆಸರಿತ್ತು, ನೀರಗಂಟಿ. ತೂಬು ಎತ್ತುವುದು, ಗದ್ದೆಗಳಿಗೆ ನೀರು ಹಂಚುವುದು ಅವನ ಕೆಲಸ. 1896ರಲ್ಲಿ ಹೆಸರಘಟ್ಟದಿಂದ, 1974ರಲ್ಲಿ ಕಾವೇರಿಯಿಂದ ಊರಿಗೆ ನೀರು ಬಂತು. ನಲ್ಲಿ ನೀರು ಬಂದಮೇಲೆ ಕೆರೆ ಯಾರಿಗೂ ಬೇಡವಾಯಿತು. ಕೊಳಚೆ ಅಲ್ಲಿಗೇ ಹರಿಯಿತು.

ಸಾಮಾಜಿಕ ಹೊಣೆಗಾರಿಕೆ ಬಗ್ಗೆ ಕಂಪನಿಗಳಿಗೆ 2009ರಲ್ಲಿ ಬಂದದ್ದು ಬರೀ ಸಲಹೆ. ಅದು ಕಾನೂನಾದದ್ದು 2013ರ ಕಂಪನಿ ಕಾಯ್ದೆಯ 135ನೇ ಕಲಂನಿಂದ. 2014ರ ಏಪ್ರಿಲ್ 1ರಿಂದ ಜಾರಿ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ. ಇದರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಖರ್ಚು ಮಾಡಬಹುದಾದ ಕೆಲಸಗಳ ಪಟ್ಟಿಯಲ್ಲಿ ಶಾಲೆ, ಆರೋಗ್ಯದ ಜೊತೆ ನೆಲ, ನೀರು, ಗಾಳಿಯೂ ಇವೆ. ಕೆರೆಗೆ ದಾರಿಯಾದದ್ದು ಈ ಸಾಲೇ.

ಆನೇಕಲ್ ಕಡೆಯ ಕ್ಯಾಲಸನಹಳ್ಳಿ ಕೆರೆ ನೋಡಿ. ಸುಮಾರು 36 ಎಕರೆ. ಒಣಗಿ ನಿಂತಿತ್ತು. 2017ರಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಂಪನಿಯೊಂದರ ದುಡ್ಡಿನಿಂದ ಹೂಳು ತೆಗೆದರು. ತೆಗೆದ ಮಣ್ಣಿನಿಂದಲೇ ಹಕ್ಕಿಗಳಿಗೆ ನಡುಗಡ್ಡೆ ಮಾಡಿದರು. ಮಳೆ ಬಂತು, ಕೆರೆ ತುಂಬಿತು. ಕೆರೆ ತುಂಬಿದರೆ ಸುತ್ತಲಿನ ಬಾವಿ, ಬೋರ್‌ವೆಲ್‌ಗಳಿಗೂ ಜೀವ ಬರುತ್ತದೆ. ಶೇ 2ರ ದುಡ್ಡು ಏನು ಮಾಡಬಲ್ಲದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಆದರೆ ಹೂಳು ತೆಗೆಯೋದು ಒಂದು ಬೇಸಿಗೆಯ ಕೆಲಸ. ಜೊಂಡು ಕೀಳೋದು, ಏರಿ ಬಿರುಕು ಬಿಡದಂತೆ ನೋಡೋದು, ರಾಜಕಾಲುವೆಯಲ್ಲಿ ಬರುವ ಕೊಳಚೆ ತಡೆಯೋದು ಪ್ರತಿ ವರ್ಷದ್ದು. ಕಂಪನಿಯ ಲೆಕ್ಕ ಮಾರ್ಚ್‌ಗೆ ಮುಗಿಯುತ್ತದೆ, ಕೆರೆಯ ಕೆಲಸ ಮುಗಿಯುವುದಿಲ್ಲ. ಕೊಳಚೆ ನಿಲ್ಲದೆ ಬರೀ ನಡಿಗೆ ಪಥ, ಬೇಲಿ, ಬೆಂಚು ಹಾಕಿದರೆ ಕೆರೆ ಉಳಿಯಲ್ಲ, ಅಲ್ವಾ?

ಮೊದಲು ಖರ್ಚಾಗದ ದುಡ್ಡಿಗೆ ಕಾರಣ ಬರೆದರೆ ಸಾಕಿತ್ತು. 2021ರ ತಿದ್ದುಪಡಿ ಇದನ್ನು ಬಿಗಿ ಮಾಡಿತು. ನಡೆಯುತ್ತಿರುವ ಯೋಜನೆಯಾದರೆ ಉಳಿದ ಹಣವನ್ನು ಹಣಕಾಸು ವರ್ಷ ಮುಗಿದ 30 ದಿನದಲ್ಲಿ ಬೇರೆ ಖಾತೆಗೆ ಹಾಕಬೇಕು, 3 ಹಣಕಾಸು ವರ್ಷದೊಳಗೆ ಬಳಸಬೇಕು. ನನ್ನ ಕಣ್ಣಿಗೆ ಕೆರೆಗಳ ಮಟ್ಟಿಗೆ ಇದೇ ದೊಡ್ಡ ಬದಲಾವಣೆ. ಈಗ ಒಂದು ಕೆರೆಗೆ ಒಂದೇ ಬೇಸಿಗೆಯ ಬದಲು, ಕೆಲಸ ಶುರುವಾದ ವರ್ಷವೂ ಸೇರಿ, ನಾಲ್ಕು ಬೇಸಿಗೆ ಸಿಗಬಹುದು. ಅಷ್ಟು ಸಮಯದಲ್ಲಿ ಕೊಳಚೆ ತಡೆಯುವ ಕೆಲಸವನ್ನೇ ಮೊದಲು ಹಿಡಿಯಬಹುದು. ಅದೇ ಊರಿನ ಒಬ್ಬರನ್ನು ಸಂಬಳ ಕೊಟ್ಟು ನೀರಗಂಟಿಯಾಗಿ ನೇಮಿಸಲೂಬಹುದು.