ಬಿಸಿ ಬೇಕನ್ ಡ್ರೆಸ್ಸಿಂಗ್ ಸುರಿದ ಮೇಲೆ ಸಲಾಡ್ ಕೆಡುವುದು ಯಾಕೆ?

ಪ್ರಶ್ನೆ: ಅಮೆರಿಕದಲ್ಲಿ ಸ್ನೇಹಿತರ ಮನೆಯಲ್ಲಿ ಹಳೇ ಕಾಲದ ಲೆಟಿಸ್ ಸಲಾಡ್ ತಿಂದಿದ್ದೆ. ಬೇಕನ್, ಅಂದರೆ ಉಪ್ಪು ಹಚ್ಚಿಟ್ಟ ಹಂದಿ ಮಾಂಸದ ತೆಳು ಪಟ್ಟಿ, ಹುರಿದಾಗ ಬಿಟ್ಟ ಕೊಬ್ಬಿಗೇ ವಿನೆಗರ್, ಸಕ್ಕರೆ ಸೇರಿಸಿ ಬಿಸಿಬಿಸಿಯಾಗಿ ಎಲೆ ಮೇಲೆ ಸುರಿದಿದ್ದರು. ಊರಿಗೆ ಬಂದು ಎರಡು ಸಲ ಮಾಡಿದೆ. ಮೊದಲ ಸಲ ಕೊಬ್ಬು ಮೇಣದ ಹಾಗೆ ಎಲೆಗೆ ಅಂಟಿಕೊಂಡಿತು. ಎರಡನೇ ಸಲ ಚೆನ್ನಾಗಿ ಬಿಸಿಯಾಗಲಿ ಅಂತ ಸೊಪ್ಪನ್ನೇ ಬಾಣಲೆಗೆ ಹಾಕಿ ತಿರುವಿದೆ. ಪಲ್ಯ ಆಯಿತು. ಡ್ರೆಸ್ಸಿಂಗ್ ನಿಜವಾಗಿ ಎಷ್ಟು ಬಿಸಿ ಇರಬೇಕು?

ಉತ್ತರ: ಕುದಿ ಬಂದ ಡ್ರೆಸ್ಸಿಂಗನ್ನು ಸ್ಟವ್‌ನಿಂದ ಇಳಿಸಿ ಹಾಗೇ ಸುರಿಯಿರಿ. ಅಷ್ಟು ಬಿಸಿ ಸಾಕು, ಅಷ್ಟು ಬೇಕು ಕೂಡ. ನಿಮ್ಮ ಮೊದಲ ಸಲಾಡ್ ಕೆಟ್ಟಿದ್ದು ಎಲೆ ಫ್ರಿಜ್‌ನಿಂದ ನೇರವಾಗಿ ಬಂದಿದ್ದರಿಂದ ಇರಬೇಕು. ಎಲೆಯನ್ನು ಅರ್ಧ ಗಂಟೆ ಮುಂಚೆ ಹೊರಗಿಡಿ, ಬೌಲ್ ಬೆಚ್ಚಗಿರಲಿ, ಸೊಪ್ಪು ಮಾತ್ರ ಬಾಣಲೆಗೆ ಇಳಿಯದಿರಲಿ. ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಕಾರಣ ತಿಳಿದರೆ ಮುಂದಿನ ಸಲ ಅಳತೆ ನೋಡದೆಯೂ ಮಾಡಬಹುದು.

ಚಳಿಗಾಲದಲ್ಲಿ ಬೆಂಗಳೂರಿನ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ ಅಲ್ವಾ? ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗೆ. ಹಂದಿ ಕೊಬ್ಬು ಅದಕ್ಕಿಂತ ಬೇಗ, 30 ಡಿಗ್ರಿ ಆಸುಪಾಸಿನಲ್ಲೇ ಮಸುಕಾಗಿ ದಪ್ಪಗಾಗಲು ಶುರುಮಾಡುತ್ತದೆ. ಅಂದರೆ ಎಲೆ ಮೇಲೆ ಕೂತ ಕೊಬ್ಬು ನಿಮ್ಮ ಬಾಯಿಗೆ ಬರುವ ತನಕ 30 ಡಿಗ್ರಿಗಿಂತ ಮೇಲೆಯೇ ಇರಬೇಕು.

ಈಗ ಸ್ವಲ್ಪ ಅಡುಗೆಮನೆ ಲೆಕ್ಕ. ನಾಲ್ಕು ಜನಕ್ಕೆ 250 ಗ್ರಾಂ ಸೊಪ್ಪು, ಅದಕ್ಕೆ ಆರು ದೊಡ್ಡ ಚಮಚ ಡ್ರೆಸ್ಸಿಂಗ್. ಡ್ರೆಸ್ಸಿಂಗ್ 90 ಡಿಗ್ರಿ ಇದೆ ಅಂದುಕೊಳ್ಳಿ. ಎಲೆ ಫ್ರಿಜ್‌ನ 5 ಡಿಗ್ರಿಯಲ್ಲಿದ್ದರೆ ಎರಡೂ ಬೆರೆತ ಮೇಲೆ ಒಟ್ಟು ಬಿಸಿ ಬರೀ 24 ಡಿಗ್ರಿ ಹತ್ತಿರ ಬಂದು ನಿಲ್ಲುತ್ತದೆ. ಎಲೆ 25 ಡಿಗ್ರಿಯಲ್ಲಿದ್ದರೆ 39ರ ಹತ್ತಿರ. ಅದೇ ಬಾಣಲೆ, ಅದೇ ಕೊಬ್ಬು. ಒಂದು ಕಡೆ ಮೇಣ, ಇನ್ನೊಂದು ಕಡೆ ಹೊಳೆಯುವ ಸಲಾಡ್. ಇದರಲ್ಲಿ ಬೌಲ್ ಲೆಕ್ಕ ಹಿಡಿದಿಲ್ಲ. ದಪ್ಪ ಗಾಜಿನ ಬೌಲ್ ತಣ್ಣಗಿದ್ದರೆ ಇನ್ನಷ್ಟು ಬಿಸಿ ಅದೇ ಕುಡಿದುಬಿಡುತ್ತದೆ. ಬಿಸಿನೀರು ಹಾಕಿ ಎರಡು ನಿಮಿಷ ಬಿಟ್ಟು, ಚೆಲ್ಲಿ, ಒರೆಸಿ. ಅಷ್ಟೇ ಕೆಲಸ.

ಎಲೆ ಒದ್ದೆ ಇದ್ದರೂ ಇದೇ ಗತಿ. ತೊಳೆದ ಮೇಲೆ ನೀರು ಉಳಿದಿದ್ದರೆ ಅದೂ ಬಿಸಿ ತಿನ್ನುತ್ತದೆ, ಡ್ರೆಸ್ಸಿಂಗ್ ಜಾರಿ ತಳ ಸೇರುತ್ತದೆ. ಹಳೇ ಕಾಟನ್ ಪಂಚೆಯ ತುಂಡಿನ ಮೇಲೆ ಹರಡಿ ಒತ್ತಿ ಒಣಗಿಸಿ.

ಇನ್ನು ಪಲ್ಯದ ವಿಷಯ. ನಮ್ಮ ಕೋಸಂಬರಿಗೆ ಒಗ್ಗರಣೆ ಹಾಕುವುದನ್ನು ನೆನಪಿಸಿಕೊಳ್ಳಿ. ಸಾಸಿವೆ ಸಿಡಿದ ಎಣ್ಣೆಯನ್ನು ಸೌತೆಕಾಯಿ ಮೇಲೆ ಸುರಿಯುತ್ತೇವೆ. ಸೌತೆಕಾಯಿಯನ್ನು ತಂದು ಒಗ್ಗರಣೆ ಸೌಟಿಗೆ ಹಾಕುವುದಿಲ್ಲ. ಇಲ್ಲೂ ಹಾಗೇ. ಬಿಸಿ ಬರಬೇಕಾದ್ದು ಡ್ರೆಸ್ಸಿಂಗ್‌ನಿಂದ ಮಾತ್ರ. ಅದರ ಹತ್ತಿರ ಇರುವ ಬಿಸಿ ಇಷ್ಟೇ ಇಷ್ಟು. ಎಲೆಯನ್ನು ಬಾಡಿಸುತ್ತದೆ, ಬೇಯಿಸುವಷ್ಟು ಇರುವುದಿಲ್ಲ. ಬಾಣಲೆ ಕೆಳಗೆ ಬೆಂಕಿ ಇದ್ದರೆ ಬಿಸಿ ಬರುತ್ತಲೇ ಇರುತ್ತದೆ. ಲೆಟಿಸ್‌ನಲ್ಲಿ ನೂರಕ್ಕೆ 95 ಪಾಲು ನೀರೇ. ಎಲೆಯ ಪುಟ್ಟ ಪುಟ್ಟ ಕೋಶಗಳು ಆ ನೀರು ತುಂಬಿಕೊಂಡು ಬಿಗಿಯಾಗಿ ನಿಂತಿರುವುದರಿಂದಲೇ ಅದು ಗರಿಗರಿ. ಜಾಸ್ತಿ ಕಾದರೆ ಕೋಶದ ಪೊರೆ ಸೋತು ನೀರೆಲ್ಲ ಹೊರಗೆ.

ಆದರೆ ಒಂದು ಮಾತು. ಈ ಸಲಾಡ್ ಗರಿಗರಿಯಾಗಿ ಇರಲೇಬೇಕು ಅಂತ ಹಟ ಹಿಡಿಯಬೇಡಿ. ಇದು ಬಾಡಲೆಂದೇ ಮಾಡುವ ಸಲಾಡ್.

ಅಪಲಾಚಿಯನ್ ಬೆಟ್ಟಸೀಮೆಯಲ್ಲಿ, ಅಂದರೆ ವೆಸ್ಟ್ ವರ್ಜೀನಿಯಾ, ಕೆಂಟಕಿ, ಟೆನೆಸ್ಸೀ ಕಡೆ, ಇದಕ್ಕೆ ‘ಕಿಲ್ಟ್ ಲೆಟಿಸ್’ ಅನ್ನುತ್ತಾರೆ. ‘ಕೊಂದ ಲೆಟಿಸ್’ ಅಂತ ಅರ್ಥ. ಬಿಸಿ ಕೊಬ್ಬು ಬಿದ್ದ ತಕ್ಷಣ ಎಲೆ ಚುಸ್ ಅಂತ ಪ್ರಾಣ ಬಿಡುತ್ತದಲ್ಲ, ಅದಕ್ಕೆ. ಹೆಸರಿಟ್ಟವರಿಗೆ ತಮಾಷೆಯ ಬುದ್ಧಿ ಚೆನ್ನಾಗಿತ್ತು. ವಸಂತದಲ್ಲಿ ಹಿತ್ತಲಿನ ಎಳೆ ಲೆಟಿಸ್, ಎಳೆ ಈರುಳ್ಳಿ ಗಿಡ, ಬೇಕನ್ ಕೊಬ್ಬು, ವಿನೆಗರ್. ಇಷ್ಟೇ ಸಾಮಾನು. ಪಕ್ಕಕ್ಕೆ ಬೇಯಿಸಿದ ಬೀನ್ಸ್ ಕಾಳು, ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್. ಚಳಿ ಶುರುವಾದಾಗ ಹಂದಿ ಕಡಿದು, ಮಾಂಸಕ್ಕೆ ಉಪ್ಪು ಹಚ್ಚಿ, ಹೊಗೆ ಹಾಕಿ ಇಟ್ಟುಕೊಳ್ಳುತ್ತಿದ್ದ ಮನೆಗಳು ಅವು. ಆಲಿವ್ ಎಣ್ಣೆ ಆ ಬೆಟ್ಟದಲ್ಲಿ ಎಲ್ಲಿಂದ ಬರಬೇಕು? ಮನೆಯಲ್ಲಿದ್ದ ಜಿಡ್ಡು ಹಂದಿಯದು. ಅದು ತಣ್ಣಗಾದರೆ ಗಟ್ಟಿ. ಆದ್ದರಿಂದ ಬಿಸಿಯಾಗೇ ಸುರಿಯಬೇಕಾಯಿತು. ರುಚಿಗೆ ಅಂತ ಹುಟ್ಟಿದ ಉಪಾಯ ಅಲ್ಲ ಇದು, ಜಿಡ್ಡಿನ ಸ್ವಭಾವ ಹೇಳಿಕೊಟ್ಟಿದ್ದು.

ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ ಹೋದರೆ ಇದೇ ಸಲಾಡ್‌ಗೆ ಬೇರೆ ರೂಪ. ಅಲ್ಲಿನವರಿಗೆ ‘ಪೆನ್ಸಿಲ್ವೇನಿಯಾ ಡಚ್’ ಅನ್ನುತ್ತಾರೆ, ಆದರೆ ಅವರು ಹಾಲೆಂಡ್‌ನವರಲ್ಲ. ಹದಿನೇಳು, ಹದಿನೆಂಟನೇ ಶತಮಾನದಲ್ಲಿ ಬಂದ ಜರ್ಮನ್ ಮಾತಿನ ಜನ. ‘ಡೈಚ್’ ಅನ್ನೋದು ‘ಡಚ್’ ಆಗಿ ಉಳಿಯಿತು. ಅವರು ಡ್ರೆಸ್ಸಿಂಗ್‌ಗೆ ಮೊಟ್ಟೆ, ಚೂರು ಮೈದಾ, ಕೈತುಂಬ ಸಕ್ಕರೆ ಹಾಕಿ ಗೊಜ್ಜಿನ ಹದಕ್ಕೆ ತರುತ್ತಾರೆ. ಸುರಿಯುವುದು ಡ್ಯಾಂಡೆಲಿಯನ್ ಎಲೆ ಮೇಲೆ. ಹೌದು, ಅಮೆರಿಕದಲ್ಲಿರುವ ನಮ್ಮವರು ಲಾನ್‌ನಿಂದ ಕಿತ್ತೆಸೆಯುವ ಅದೇ ಹಳದಿ ಹೂವಿನ ಕಳೆ. ಹೂ ಬರುವ ಮುಂಚೆ ಕೀಳಬೇಕು, ಆಮೇಲೆ ವಿಪರೀತ ಕಹಿ. ನಮ್ಮ ಹಳ್ಳಿಗಳಲ್ಲಿ ಹೊಲದ ಬದುವಿನಿಂದ ಬೆರಕೆ ಸೊಪ್ಪು ಆರಿಸಿ ತರುವ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಸ್ಟರ್ ಮುಂಚಿನ ಗುರುವಾರಕ್ಕೆ ಜರ್ಮನ್ ಭಾಷೆಯಲ್ಲಿ ‘ಹಸಿರು ಗುರುವಾರ’ ಅಂತಲೇ ಹೆಸರು. ಆ ದಿನ ಡ್ಯಾಂಡೆಲಿಯನ್ ತಿಂದರೆ ವರ್ಷವಿಡೀ ಆರೋಗ್ಯ ಅನ್ನೋದು ಅವರ ನಂಬಿಕೆ. ನಾವು ಬೇವು ತಿನ್ನುವ ಯುಗಾದಿಯೂ ಹೆಚ್ಚುಕಡಿಮೆ ಆ ದಿನಗಳಲ್ಲೇ ಬರುತ್ತದೆ, ನೋಡಿ.

ಇದನ್ನೆಲ್ಲ ಹೇಳಿದ್ದು ಸುಮ್ನೆ ಅಲ್ಲ. ನಿಮ್ಮ ತೊಂದರೆಯ ಇನ್ನೊಂದು ಬೇರು ಇಲ್ಲಿದೆ. ಒಂದೊಂದು ಎಲೆ ಒಂದೊಂದು ಥರ ಬಿಸಿ ತಡೆಯುತ್ತದೆ. ಡ್ಯಾಂಡೆಲಿಯನ್ ಗಟ್ಟಿ ಎಲೆ, ದಪ್ಪ ಡ್ರೆಸ್ಸಿಂಗ್ ಹೊರುತ್ತದೆ. ಫ್ರಾನ್ಸ್‌ನ ಲಿಯೋನ್ ಊರಿನ ಸಲಾಡ್‌ನಲ್ಲಿ ಫ್ರಿಸೇ ಅನ್ನುವ ಗುಂಗುರು ಎಲೆಗೆ ಹುರಿದ ಬೇಕನ್ ತುಂಡು, ನೀರಿನಲ್ಲಿ ಬೇಯಿಸಿದ ಮೆತ್ತನೆ ಮೊಟ್ಟೆ ಹಾಕುತ್ತಾರೆ. ಫ್ರಿಸೇ ಕೂಡ ಬಿರುಸು. ಹಿತ್ತಲಿನ ಎಳೆ ಲೆಟಿಸ್ ತೆಳು, ಅದಕ್ಕೆ ತೆಳು ಡ್ರೆಸ್ಸಿಂಗ್ ಸಾಕು. ಪ್ಯಾಕೆಟ್‌ನಲ್ಲಿ ಬರುವ ಬೇಬಿ ಪಾಲಕ್ ಇನ್ನೂ ನಾಜೂಕು. ದಪ್ಪ ಡ್ರೆಸ್ಸಿಂಗನ್ನು ಅದರ ಮೇಲೆ ಸುರಿದರೆ ಮುದ್ದೆ ಖಂಡಿತ. ನಮ್ಮಲ್ಲಿ ಸಿಗುವ ಸಾಧಾರಣ ಪಾಲಕ್‌ನ ಸ್ವಲ್ಪ ಬಲಿತ ಎಲೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ, ದಂಟು ತೆಗೆದುಬಿಡಿ. ಐಸ್‌ಬರ್ಗ್ ಬೇಡ. ಅದು ಬಾಡುವುದೂ ಇಲ್ಲ, ರುಚಿ ಹಿಡಿಯುವುದೂ ಇಲ್ಲ, ತಳದಲ್ಲಿ ನೀರು ಮಾತ್ರ ಬಿಡುತ್ತದೆ.

ನಾನು ಮಾಡುವುದು ಬೆಟ್ಟಸೀಮೆಯ ತೆಳು ಡ್ರೆಸ್ಸಿಂಗ್. ಆರು ತುಂಡು ಸ್ಟ್ರೀಕಿ ಬೇಕನ್, ಅಂದರೆ ಕೊಬ್ಬು ಮಾಂಸ ಪಟ್ಟೆಪಟ್ಟೆಯಾಗಿರುವ ಹೊಟ್ಟೆ ಭಾಗದ್ದು. ತಣ್ಣನೆ ಬಾಣಲೆಗೇ ಹಾಕಿ ಸಣ್ಣ ಉರಿ ಹಚ್ಚಿ. ಕಾದ ಬಾಣಲೆಗೆ ಹಾಕಿದರೆ ಮಾಂಸ ಮೊದಲು ಕರಕಲಾಗುತ್ತದೆ, ಕೊಬ್ಬು ಒಳಗೇ ಉಳಿಯುತ್ತದೆ. ನಿಧಾನಕ್ಕೆ ಹುರಿದರೆ ಕೊಬ್ಬು ಕರಗಿ ಹೊರಗೆ ಬರುತ್ತದೆ. ಹತ್ತು ಹನ್ನೆರಡು ನಿಮಿಷ ಹಿಡಿಯಬಹುದು. ಬೇಕನ್ ಗರಿಗರಿಯಾದ ಮೇಲೆ ತೆಗೆದು ಪುಡಿ ಮಾಡಿಟ್ಟುಕೊಳ್ಳಿ. ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಕೊಬ್ಬು ಇರಲಿ. ಬೆಂಗಳೂರಿನ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲಿ ಕೆಲವೊಮ್ಮೆ ತೀರಾ ತೆಳು, ಕೊಬ್ಬಿಲ್ಲದ ಬೇಕನ್ ಸಿಗುತ್ತದೆ. ಆಗ ಕೊರತೆ ಬಿದ್ದಷ್ಟು ಸೂರ್ಯಕಾಂತಿ ಎಣ್ಣೆ ಸೇರಿಸಿ. ತಪ್ಪೇನಿಲ್ಲ. ಎಣ್ಣೆ ಬೆರೆತರೆ ಕೊಬ್ಬು ಅಷ್ಟು ಸುಲಭಕ್ಕೆ ಗಟ್ಟಿಯಾಗುವುದಿಲ್ಲ ಅನ್ನುವ ಲಾಭವೂ ಉಂಟು. ಚಿಕನ್ ಬೇಕನ್ನಿನಿಂದ ಕೊಬ್ಬು ಅಷ್ಟಾಗಿ ಬಿಡುವುದಿಲ್ಲ. ಅದರಲ್ಲಿ ಮಾಡುವವರು ಪೂರ್ತಿ ಎಣ್ಣೆಯನ್ನೇ ನಂಬಬೇಕು.

ಮುಂದಿನ ಹೆಜ್ಜೆಯಲ್ಲಿ ಹುಷಾರು. ಬಾಣಲೆಯನ್ನು ಸ್ಟವ್‌ನಿಂದ ಇಳಿಸಿ ಒಂದೆರಡು ನಿಮಿಷ ಬಿಡಿ. ಆಮೇಲೆ ಎರಡೂವರೆ ದೊಡ್ಡ ಚಮಚ ಆ್ಯಪಲ್ ಸೈಡರ್ ವಿನೆಗರ್, ಅರ್ಧ ದೊಡ್ಡ ಚಮಚ ನೀರು, ಎರಡು ಸಣ್ಣ ಚಮಚ ಸಕ್ಕರೆ ಬೆರೆಸಿಟ್ಟುಕೊಂಡು, ಮುಖ ದೂರ ಇಟ್ಟು ನಿಧಾನಕ್ಕೆ ಸುರಿಯಿರಿ. ಕಾದ ಕೊಬ್ಬಿಗೆ ನೀರಿನಂಶ ಬಿದ್ದರೆ ಸಿಡಿಯುತ್ತದೆ, ಹುಳಿ ಆವಿ ಗಂಟಲಿಗೆ ಹೊಡೆಯುತ್ತದೆ. ನಾನು ಮೊದಲ ಸಲ ಬಗ್ಗಿ ನೋಡುತ್ತಾ ಸುರಿದು ಐದು ನಿಮಿಷ ಕೆಮ್ಮಿದ್ದೆ. ಈಗ ಮತ್ತೆ ಉರಿ ಹಚ್ಚಿ, ಒಂದು ಕುದಿ ಬರಿಸಿ, ತಳಕ್ಕೆ ಅಂಟಿದ ಕಂದು ಚೂರನ್ನೆಲ್ಲ ಸಟ್ಟುಗದಲ್ಲಿ ಕೆರೆದು ಸೇರಿಸಿ. ರುಚಿ ಇರುವುದೇ ಅಲ್ಲಿ.

ವಿನೆಗರ್‌ಗೆ ಹುಳಿ ಕೊಡುವುದರ ಜೊತೆಗೆ ಇನ್ನೊಂದು ಕೆಲಸ ಇದೆ. ಬೇಕನ್ ಹುರಿದ ಕೊಬ್ಬು 100 ಡಿಗ್ರಿಗಿಂತ ಎಷ್ಟೋ ಮೇಲಿರುತ್ತದೆ. ಅದೊಂದನ್ನೇ ಸುರಿದರೆ ಬಿದ್ದ ಜಾಗದಲ್ಲಿ ಎಲೆ ಸುಟ್ಟು ಕಪ್ಪಾಗುತ್ತದೆ, ಉಳಿದ ಕಡೆ ಹಸಿಯಾಗೇ ಇರುತ್ತದೆ. ವಿನೆಗರ್‌ನಲ್ಲಿ ಹೆಚ್ಚಿನ ಪಾಲು ನೀರೇ. ಅದು ಸೇರಿ ಕುದಿಯುತ್ತಿರುವಾಗ ಮಿಶ್ರಣದ ಬಿಸಿ 100ರ ಸುತ್ತಲೇ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೂ ನಿಮಗೆ ಬಿಸಿ ಎಷ್ಟು ಅಂತ ಗೊತ್ತಾಗುವುದು ಈ ಕುದಿಯಿಂದಲೇ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸಿಂಥೆಟಿಕ್ ವಿನೆಗರ್ ಮಾತ್ರ ಹಾಕಬೇಡಿ, ಬಿಸಿಯಾದಾಗ ಅದರ ಘಾಟು ಬೇಕನ್ ವಾಸನೆಯನ್ನೇ ನುಂಗಿಬಿಡುತ್ತದೆ. ಹಂದಿ ಕೊಬ್ಬಿಗೆ ಹುಳಿ ಬೇಕೇ ಬೇಕು ಅನ್ನೋದು ಕೊಡಗಿನವರಿಗೂ ಗೊತ್ತು. ಪಂದಿ ಕರಿಗೆ ಕಾಚಂಪುಳಿ ಬೀಳುವುದು ಅದಕ್ಕೇ. ಇಲ್ಲಿಗೂ ಅದನ್ನೇ ಹಾಕಿದರೆ ಹೇಗೆ ಅಂತ ಒಮ್ಮೆ ಮಾಡಿ ನೋಡಿದೆ. ರುಚಿ ಪರವಾಗಿಲ್ಲ, ಆದರೆ ಲೆಟಿಸ್ ಟಾರು ಬಳಿದ ಹಾಗೆ ಕಾಣುತ್ತಿತ್ತು. ಊಟಕ್ಕೆ ಬಂದವರು ಮುಟ್ಟಲಿಲ್ಲ.

ಬೆಚ್ಚಗಿನ ಬೌಲ್‌ನಲ್ಲಿ ಕೈಯಲ್ಲಿ ಹರಿದ ಎಲೆ, ಹೆಚ್ಚಿದ ನಾಲ್ಕು ಎಳೆ ಈರುಳ್ಳಿ, ಕರಿಮೆಣಸಿನ ಪುಡಿ ಹಾಕಿ. ಉಪ್ಪು ಬೇಡ. ಬೇಕನ್ನಿನಲ್ಲೇ ಸಾಕಷ್ಟು ಇದೆ, ರುಚಿ ನೋಡಿ ಕೊನೆಗೆ ಬೇಕಾದರೆ ಚಿಟಿಕೆ. ಕುದಿ ಇಳಿದ ಡ್ರೆಸ್ಸಿಂಗನ್ನು ಮೊದಲು ಅರ್ಧ ಸುರಿದು ತಳದಿಂದ ಮೇಲೆ ಎತ್ತಿ ಎತ್ತಿ ಹೊರಳಿಸಿ, ಆಮೇಲೆ ಉಳಿದದ್ದು. ಅಂಚು ಬಾಡಿ, ನಡುವಿನ ನರದ ಹತ್ತಿರ ಇನ್ನೂ ಗರಿ ಉಳಿದಿದ್ದರೆ ಹದ ಸರಿಯಾಗಿದೆ ಅಂತ. ಮೇಲೆ ಬೇಕನ್ ಪುಡಿ, ಬೇಯಿಸಿದ ಮೊಟ್ಟೆ ತುಂಡು. ಕೂಡಲೇ ತಟ್ಟೆಗೆ. ಎಲೆ ಮೇಲಿನ ಮೇಣದಂಥ ಪದರ ನೀರನ್ನು ತಡೆಯುತ್ತದೆ, ಜಿಡ್ಡನ್ನು ಅಷ್ಟು ತಡೆಯುವುದಿಲ್ಲ. ಹಾಗಾಗಿ ಹೊತ್ತು ಹೋದಂತೆ ಕೊಬ್ಬು ಒಳಗೆ ಇಳಿದು ಎಲೆ ಕಪ್ಪು ಹಸಿರಾಗಿ ಸೋಲುತ್ತದೆ. ಎಲ್ಲರೂ ಕೂತ ಮೇಲೆಯೇ ಸುರಿಯಿರಿ.

ಪೆನ್ಸಿಲ್ವೇನಿಯಾದವರ ದಪ್ಪ ಡ್ರೆಸ್ಸಿಂಗ್ ಬೇಕಿದ್ದರೆ ನಾಲ್ಕು ತುಂಡು ಬೇಕನ್‌ಗೆ ಒಂದು ಮೊಟ್ಟೆ, ಒಂದು ದೊಡ್ಡ ಚಮಚ ಮೈದಾ, ಮೂರು ದೊಡ್ಡ ಚಮಚ ಸಕ್ಕರೆ, ಕಾಲು ಕಪ್ ವಿನೆಗರ್, ಮುಕ್ಕಾಲು ಕಪ್ ನೀರು. ಎಲ್ಲ ತಣ್ಣಗಿದ್ದಾಗಲೇ ಗಂಟಿಲ್ಲದಂತೆ ಕಲಸಿ, ಕೊಬ್ಬಿಗೆ ಸುರಿದು, ಕೈ ಬಿಡದೆ ತಿರುವುತ್ತಾ ಒಂದು ಕುದಿ ಬರಿಸಿ. ಮೈದಾ ಇರುವುದರಿಂದ ಮೊಟ್ಟೆ ಒಡೆಯುವುದಿಲ್ಲ. ಇದು ಗಟ್ಟಿ ಎಲೆಗೇ ಇರಲಿ. ಎಳೆ ಎಲೆಗೆ ಬೇಡ.

ಈಗಾಗಲೇ ಕೊಬ್ಬು ಬೆಳ್ಳಗೆ ಕೂತುಬಿಟ್ಟಿದೆಯಾ? ಬೌಲನ್ನು ಬಿಸಿನೀರಿನ ಪಾತ್ರೆಯೊಳಗೆ ಅರ್ಧ ನಿಮಿಷ ಇಟ್ಟು ಹೊರಳಿಸಿ, ಕರಗುತ್ತದೆ. ಮೈಕ್ರೋವೇವ್‌ಗೆ ಇಟ್ಟರೆ ಮತ್ತೆ ಪಲ್ಯ. ಡ್ರೆಸ್ಸಿಂಗ್ ಉಳಿದರೆ ಎಲೆಗೆ ಸೇರಿಸದೆ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಬೆಣ್ಣೆ ಹಾಗೆ ಗಟ್ಟಿಯಾಗುತ್ತದೆ, ಗಾಬರಿ ಬೇಡ. ಮರುದಿನ ಕಾಯಿಸಿ, ಬೇಯಿಸಿದ ಆಲೂಗಡ್ಡೆ ಬಿಸಿ ಇರುವಾಗಲೇ ಅದರ ಮೇಲೆ ಸುರಿಯಿರಿ. ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಲೆಟಿಸ್‌ಗಿಂತ ಆ ಆಲೂಗಡ್ಡೆಯೇ ಬೇಗ ಖಾಲಿ.